ಅನುಭವವಿಲ್ಲದವರ ಮೊದಲ ಬೇಸಿಗೆ ಪ್ರಾಜೆಕ್ಟ್: ವಿದ್ಯಾರ್ಥಿಗಳಿಗೂ ಅವರ ಮೇಲ್‌ಗೆ ಉತ್ತರಿಸದ ಪ್ರೊಫೆಸರುಗಳಿಗೂ ಒಂದು ಬಹಿರಂಗ ಪತ್ರ

ಮೊದಲ ಸಂಶೋಧನಾ ಇಂಟರ್ನ್‌ಶಿಪ್ ಹುಡುಕುತ್ತಿರುವ ಪದವಿ ವಿದ್ಯಾರ್ಥಿಗಳೇ, ಹಾಗೂ ಅವರ ಮೇಲ್‌ಗಳು ಬಂದು ಬೀಳುವ ಇನ್‌ಬಾಕ್ಸ್‌ಗಳ ಮಾಲೀಕರಾದ ಮಾನ್ಯ ಪ್ರೊಫೆಸರುಗಳೇ,

‘ಅನುಭವ ಇದ್ದವರಿಗೆ ಆದ್ಯತೆ’ ಎಂಬ ಸಾಲು ಓದಿ ಅರ್ಜಿಯನ್ನೇ ಹಾಕದೆ ಉಳಿಯುವ ವಿದ್ಯಾರ್ಥಿಗಳಿದ್ದಾರೆ. ಒಂದೇ ಮೇಲ್ ಅನ್ನು ನೂರು ಜನಕ್ಕೆ ಕಳಿಸಿ ಕಾಯುವವರೂ ಇದ್ದಾರೆ. ಕೊನೆಗೆ ಇಬ್ಬರ ಕೈಯೂ ಖಾಲಿ. ಲ್ಯಾಬ್‌ಗಳಲ್ಲಿ ಬೇಸಿಗೆ ವಿದ್ಯಾರ್ಥಿಗಳನ್ನು ಆರಿಸುವ, ಅವರಿಗೆ ಕೆಲಸ ಕಲಿಸುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಅನುಭವ ಇಲ್ಲ ಎನ್ನುವುದು ನೀವು ಅಂದುಕೊಂಡಷ್ಟು ದೊಡ್ಡ ತೊಡಕಲ್ಲ. ನಿಜವಾದ ತೊಡಕು ಇರುವುದು ನಿಮಗೆ ಕಲಿಸಬೇಕಾದವರ ಸಮಯದಲ್ಲಿ.

ಲೆಕ್ಕ ಹಾಕಿ ನೋಡಿ. ಎಂಟು ವಾರದ ಪ್ರಾಜೆಕ್ಟ್ ಎಂದರೆ 40 ಕೆಲಸದ ದಿನ. ಕಂಪ್ಯೂಟರ್ ಅಕೌಂಟ್, ಸುರಕ್ಷತಾ ತರಬೇತಿ, ಉಪಕರಣ ಬಳಸಲು ಅನುಮತಿ, ಒಂದೆರಡು ಸಂಶೋಧನಾ ಪೇಪರ್ ಓದಿ ಅರ್ಥ ಮಾಡಿಕೊಳ್ಳುವುದು, ಇಷ್ಟರಲ್ಲೇ ಮೊದಲ ಎಂಟು ಹತ್ತು ದಿನ ಕಳೆಯುತ್ತದೆ. ಕೊನೆಯ ಐದು ದಿನ ರಿಪೋರ್ಟ್ ಮತ್ತು ಪ್ರೆಸೆಂಟೇಶನ್‌ಗೆ. ಉಳಿಯುವುದು ಇಪ್ಪತ್ತೈದು ಇಪ್ಪತ್ತೇಳು ದಿನ. ಹೊಸಬರ ಕೈಯಲ್ಲಿ ಮೂರು ದಿನದ ಒಂದು ಪ್ರಯೋಗ ಎರಡು ಸಲ ಕೆಟ್ಟು ಮೂರನೇ ಸಲ ಸರಿಯಾಗುವುದು ಮಾಮೂಲು, ಅಲ್ಲಿಗೆ ಒಂಬತ್ತು ದಿನ ಹೋಯಿತು. ಈ ಅವಧಿಯಲ್ಲಿ ನಿಮ್ಮ ಪಕ್ಕ ಕೂರುವವರು ಬಹುಪಾಲು ಪ್ರೊಫೆಸರ್ ಅಲ್ಲ, ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಅಥವಾ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿದ ಸಂಶೋಧಕ). ದಿನಕ್ಕೆ ಒಂದು ಗಂಟೆ ಕೊಟ್ಟರೂ ಅವರಿಗೆ 40 ಗಂಟೆ, ಅಂದರೆ ಪೂರ್ತಿ ಒಂದು ವಾರದ ಕೆಲಸ ಹೋದಂತೆ. ನಿಮ್ಮ ಮೇಲ್ ಓದುವ ಪ್ರೊಫೆಸರ್ ಮನಸ್ಸಿನಲ್ಲಿ ನಡೆಯುವ ಲೆಕ್ಕ ಇದು: ಈ ಹುಡುಗಿಯನ್ನು ಅಥವಾ ಹುಡುಗನನ್ನು ಯಾರ ಜೊತೆ ಕೂರಿಸಲಿ, ಆ ಒಂದು ವಾರ ದಂಡವಾಗುತ್ತದೆಯೇ? ಅರ್ಜಿಯಲ್ಲಿ ನೀವು ಬರೆಯುವ ಪ್ರತಿ ಸಾಲೂ ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಮೊದಲು ಎಲ್ಲಿ ಹುಡುಕಬೇಕು ಎನ್ನುವುದನ್ನು ನೋಡೋಣ. ದಾರಿ ಎರಡು. ಒಂದು, ಅರ್ಜಿ ಕರೆದು ಆಯ್ಕೆ ಮಾಡುವ ಔಪಚಾರಿಕ ಕಾರ್ಯಕ್ರಮಗಳು. ಇನ್ನೊಂದು, ನೇರವಾಗಿ ಒಬ್ಬ ಪ್ರೊಫೆಸರ್‌ಗೆ ಬರೆಯುವುದು. ಎರಡನ್ನೂ ಒಟ್ಟಿಗೆ ನಡೆಸಬೇಕು, ಯಾಕೆಂದರೆ ಅವುಗಳ ಕ್ಯಾಲೆಂಡರ್ ಬೇರೆ ಬೇರೆ.

ಔಪಚಾರಿಕ ಕಾರ್ಯಕ್ರಮಗಳಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದದ್ದು ಅರ್ಹತೆಯ ಸಾಲು. ಸ್ಟೈಪೆಂಡ್ ಎಷ್ಟು ಎನ್ನುವುದು ಆಮೇಲೆ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ (ಎನ್‌ಎಸ್‌ಎಫ್, ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ) 1987ರಿಂದ ನಡೆಸುತ್ತಿರುವ, ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ಅನುಭವ ಕೊಡುವ ಆರ್‌ಇಯು ಕಾರ್ಯಕ್ರಮದ ಹಣ ಆ ದೇಶದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಒಂದೊಂದು ಕೇಂದ್ರದಲ್ಲಿ ಸುಮಾರು ಹತ್ತು ಜನ, ಸುಮಾರು ಹತ್ತು ವಾರ. ಜಿನೀವಾದ ಕಣ ಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್‌ನ ಬೇಸಿಗೆ ಕಾರ್ಯಕ್ರಮಕ್ಕೆ ಕನಿಷ್ಠ ಮೂರು ವರ್ಷದ ವಿಶ್ವವಿದ್ಯಾಲಯದ ಓದು ಮುಗಿದಿರಬೇಕು, ಮೊದಲ ವರ್ಷದವರು ಅಲ್ಲಿ ಹೊತ್ತು ಕಳೆಯಬೇಕಿಲ್ಲ. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಿಎಎಡಿ ನಡೆಸುವ ರೈಸ್ ಕಾರ್ಯಕ್ರಮ ಗೊತ್ತುಪಡಿಸಿದ ಕೆಲವೇ ದೇಶಗಳ ವಿದ್ಯಾರ್ಥಿಗಳಿಗೆ, ಅಲ್ಲಿ ಮಾರ್ಗದರ್ಶನ ಮಾಡುವವರೂ ಪಿಎಚ್‌ಡಿ ವಿದ್ಯಾರ್ಥಿಗಳೇ. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಸಂಶೋಧನಾ ಇಂಟರ್ನ್‌ಶಿಪ್ 12 ವಾರದ್ದು, ಅದಕ್ಕೂ ಪಾಲುದಾರ ದೇಶಗಳ ಪಟ್ಟಿ ಇದೆ. ಭಾರತದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಎರಡು ತಿಂಗಳದ್ದು. ಅದರಲ್ಲಿ ಮಾರ್ಕ್ಸ್ ಜೊತೆಗೆ ನೀವು ಬರೆದ ಸಣ್ಣ ಬರಹ ಮತ್ತು ಅಧ್ಯಾಪಕರ ಶಿಫಾರಸು ಪತ್ರವನ್ನೂ ನೋಡುತ್ತಾರೆ. ಇಂಥ ಬಹಳಷ್ಟು ಕಾರ್ಯಕ್ರಮಗಳ ಕೊನೆಯ ದಿನಾಂಕ ಬೇಸಿಗೆಗೆ ಐದಾರು ತಿಂಗಳು ಮೊದಲೇ ಮುಗಿದುಹೋಗುತ್ತದೆ. ಪರೀಕ್ಷೆ ಮುಗಿದ ಮೇಲೆ ಹುಡುಕಿದರಾಯಿತು ಎಂದುಕೊಂಡವರು ಸೋಲುವುದು ಇಲ್ಲೇ. ಒಂದು ಸ್ಪ್ರೆಡ್‌ಶೀಟ್ ಮಾಡಿ: ಕಾರ್ಯಕ್ರಮದ ಹೆಸರು, ಅರ್ಹತೆ, ಕೊನೆಯ ದಿನ, ಎಷ್ಟು ಶಿಫಾರಸು ಪತ್ರ ಬೇಕು, ಹಣ ಯಾರದು. ಹಿಂದಿನ ವರ್ಷದ ದಿನಾಂಕ ಬರೆದಿಟ್ಟು, ಅದಕ್ಕಿಂತ ಎರಡು ತಿಂಗಳ ಮೊದಲೇ ಮತ್ತೆ ವೆಬ್‌ಸೈಟ್ ನೋಡಿ.

ಹೆಸರಾಂತ ಕಾರ್ಯಕ್ರಮಗಳಲ್ಲಿ ಪೈಪೋಟಿ ಜೋರು. ಮೊದಲ ಅವಕಾಶ ಹೆಚ್ಚಾಗಿ ಸಿಗುವುದು ಹತ್ತಿರದಲ್ಲೇ, ನಿಮಗೆ ಪಾಠ ಮಾಡುವವರ ಬಳಿ ಅಥವಾ ಅವರು ಪರಿಚಯಿಸಿದವರ ಬಳಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 1969ರಲ್ಲಿ ಯುಆರ್‌ಒಪಿ ಎಂಬ ಕಾರ್ಯಕ್ರಮ ಶುರು ಮಾಡಿದ್ದೇ ತನ್ನ ಪದವಿ ವಿದ್ಯಾರ್ಥಿಗಳನ್ನು ತನ್ನದೇ ಅಧ್ಯಾಪಕರ ಸಂಶೋಧನೆಗೆ ಸೇರಿಸಲು. ನಿಮ್ಮ ಸಂಸ್ಥೆಯಲ್ಲಿ ಅಂಥ ಏರ್ಪಾಡು ಇದೆಯೇ ಎಂದು ಮೊದಲು ವಿಭಾಗದ ಕಚೇರಿಯಲ್ಲಿ ಕೇಳಿ. ಇಲ್ಲದಿದ್ದರೂ, ತರಗತಿಯಲ್ಲಿ ನಿಮ್ಮ ಮುಖ ಗುರುತಿರುವ ಅಧ್ಯಾಪಕರಿಗೆ ನಿಮ್ಮ ಬಗ್ಗೆ ಇರುವ ಅನುಮಾನ, ಪರಿಚಯವೇ ಇಲ್ಲದ ಪ್ರೊಫೆಸರ್‌ಗೆ ಇರುವುದಕ್ಕಿಂತ ಎಷ್ಟೋ ಕಡಿಮೆ.

ನೇರವಾಗಿ ಬರೆಯುವುದಾದರೆ ಯಾರಿಗೆ ಎನ್ನುವುದೇ ಅರ್ಧ ಕೆಲಸ. ದೊಡ್ಡ ಹೆಸರಿನ ಲ್ಯಾಬ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಅಲ್ಲಿ ನೀವು ನೂರರಲ್ಲಿ ಒಬ್ಬರು. ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದ ಅಸಿಸ್ಟೆಂಟ್ ಪ್ರೊಫೆಸರ್‌ಗೆ ಕೈಗಳು ಬೇಕಾಗಿರುತ್ತವೆ, ಲ್ಯಾಬ್‌ನಲ್ಲಿ ಜಾಗವೂ ಇರುತ್ತದೆ, ಅವರೇ ಖುದ್ದಾಗಿ ಕಲಿಸುವ ಸಾಧ್ಯತೆಯೂ ಹೆಚ್ಚು. ಆದರೆ ಅಲ್ಲಿ ಉಪಕರಣ ಇನ್ನೂ ಪೆಟ್ಟಿಗೆಯಲ್ಲೇ ಇರಬಹುದು, ಕೇಳಿ ತಿಳಿದುಕೊಳ್ಳಿ. ಲ್ಯಾಬ್‌ನ ವೆಬ್‌ಸೈಟಿನಲ್ಲಿ ಸದಸ್ಯರ ಪುಟ ತೆರೆದು, ಹಿಂದೆ ಪದವಿ ವಿದ್ಯಾರ್ಥಿಗಳು ಇದ್ದರೇ, ಅವರ ಹೆಸರು ಯಾವುದಾದರೂ ಪೇಪರ್‌ನಲ್ಲಿ ಬಂದಿದೆಯೇ ನೋಡಿ. ಒಬ್ಬರೂ ಇಲ್ಲದಿದ್ದರೆ ಅದೂ ಒಂದು ಉತ್ತರವೇ.

ಬಹಳ ಜನ ನೋಡದ ಒಂದು ಜಾಗ ಇದೆ: ಅನುದಾನದ ಪಟ್ಟಿಗಳು. ಅಮೆರಿಕದಲ್ಲಿ ಎನ್‌ಎಸ್‌ಎಫ್ ಅವಾರ್ಡ್ ಸರ್ಚ್ ಮತ್ತು ವೈದ್ಯಕೀಯ ಸಂಶೋಧನೆಗೆ ಎನ್‌ಐಎಚ್ ರಿಪೋರ್ಟರ್, ಬ್ರಿಟನ್‌ನಲ್ಲಿ ಗೇಟ್‌ವೇ ಟು ರಿಸರ್ಚ್, ಯುರೋಪಿಯನ್ ಒಕ್ಕೂಟದಲ್ಲಿ ಕಾರ್ಡಿಸ್. ಯಾರಿಗೆ, ಯಾವ ವಿಷಯಕ್ಕೆ, ಎಂದಿನಿಂದ ಎಂದಿನವರೆಗೆ ಹಣ ಬಂದಿದೆ ಎಂಬುದು ಅಲ್ಲಿ ಯಾರು ಬೇಕಾದರೂ ಓದುವಂತಿದೆ. ಕಳೆದ ವರ್ಷ ಶುರುವಾದ ಅನುದಾನ ಎಂದರೆ ಈಗ ಕೆಲಸ ಹೊಸದಾಗಿ ಎದ್ದು ನಿಲ್ಲುತ್ತಿದೆ ಎಂದರ್ಥ. ಪ್ರಕಟವಾದ ಪೇಪರ್ ಲ್ಯಾಬ್ ಎರಡು ಮೂರು ವರ್ಷದ ಹಿಂದೆ ಮಾಡಿದ್ದನ್ನು ಹೇಳುತ್ತದೆ, ಅನುದಾನದ ಸಾರಾಂಶ ಮುಂದೆ ಮಾಡುವುದನ್ನು ಹೇಳುತ್ತದೆ. ಎನ್‌ಎಸ್‌ಎಫ್ ಅನುದಾನ ಇರುವ ಪ್ರೊಫೆಸರ್, ಅರ್ಹ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಲು ಆರ್‌ಇಯು ಸಪ್ಲಿಮೆಂಟ್ ಎಂಬ ಹೆಚ್ಚುವರಿ ಹಣ ಕೇಳಬಹುದು. ಇದನ್ನು ತಿಳಿದು ಬರೆದ ವಿದ್ಯಾರ್ಥಿಯ ಮೇಲ್ ಬೇರೆಯಾಗಿಯೇ ಓದಿಸಿಕೊಳ್ಳುತ್ತದೆ.

ಯಾವ ವಿಷಯದಲ್ಲಿ ಪ್ರವೇಶ ಸುಲಭ? ಡೇಟಾ ಮತ್ತು ಕಂಪ್ಯೂಟರ್ ಆಧಾರಿತ ಕೆಲಸ ಮೊದಲು, ಕಾರಣ ಅಲ್ಲಿ ತಪ್ಪು ಮಾಡಿದರೆ ಹಾಳಾಗುವುದು ಬರೀ ಸಮಯ. ಜೀವಶಾಸ್ತ್ರ, ರಸಾಯನಶಾಸ್ತ್ರದ ಬೆಂಚ್ ಕೆಲಸದಲ್ಲಿ, ಅಂದರೆ ಲ್ಯಾಬ್‌ನಲ್ಲಿ ಕೈಯಾರೆ ಮಾಡುವ ಪ್ರಯೋಗಗಳಲ್ಲಿ, ರಾಸಾಯನಿಕವೂ ಹಾಳು, ಸ್ಯಾಂಪಲ್ಲೂ ಹಾಳು, ಜೊತೆಗೆ ಸುರಕ್ಷತೆಯ ಹೊಣೆ. ಮನುಷ್ಯರನ್ನು ಅಥವಾ ಪ್ರಾಣಿಗಳನ್ನು ಒಳಗೊಂಡ ಅಧ್ಯಯನಕ್ಕೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಹೊಸ ಅರ್ಜಿಗೆ ವಾರಗಳಿಂದ ತಿಂಗಳುಗಳೇ ಹಿಡಿಯಬಹುದು. ‘ನಾನೇ ಒಂದು ಸಮೀಕ್ಷೆ ಮಾಡುತ್ತೇನೆ’ ಎಂದು ಬರೆದವರಿಗೆ ಬೇಡ ಎನ್ನುವುದು ಇದೇ ಕಾರಣಕ್ಕೆ. ಈಗಾಗಲೇ ಒಪ್ಪಿಗೆ ಸಿಕ್ಕ ಅಧ್ಯಯನದೊಳಗೆ ಸೇರಿಕೊಳ್ಳುತ್ತೇನೆ ಎನ್ನಿ. ಶುದ್ಧ ಗಣಿತ ಮತ್ತು ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ ಎರಡನೇ ವರ್ಷದವರ ಬೇಸಿಗೆ ಹೆಚ್ಚಾಗಿ ಓದುವ ಪ್ರಾಜೆಕ್ಟ್ ಆಗಿರುತ್ತದೆ. ಒಂದು ಪುಸ್ತಕದ ಮೂರ್ನಾಲ್ಕು ಅಧ್ಯಾಯ, ವಾರಕ್ಕೊಮ್ಮೆ ಬೋರ್ಡಿನ ಮುಂದೆ ನಿಂತು ವಿವರಣೆ. ಅದನ್ನು ಕೀಳಾಗಿ ನೋಡಬೇಡಿ.

ಈಗ ಅನುಭವದ ಪ್ರಶ್ನೆ. ಯಾರ ಅನುಮತಿಯೂ ಇಲ್ಲದೆ, ಮನೆಯಲ್ಲೇ ಕೂತು ಗಳಿಸಬಹುದಾದ ಒಂದು ಅನುಭವ ಇದೆ. ನೀವು ಸೇರಬಯಸುವ ಲ್ಯಾಬ್‌ನ ಕಳೆದ ಎರಡು ಮೂರು ವರ್ಷದ ಪೇಪರ್‌ಗಳಲ್ಲಿ ಒಂದನ್ನು ಆರಿಸಿ. ಕೊನೆಯಲ್ಲಿ ಹೆಚ್ಚಾಗಿ ‘ಡೇಟಾ ಲಭ್ಯತೆ’ ಎಂಬ ಭಾಗ ಇರುತ್ತದೆ, ಅದು ಝೆನೋಡೋ, ಡ್ರೈಯಾಡ್, ಫಿಗ್‌ಶೇರ್ ಅಥವಾ ಗಿಟ್‌ಹಬ್‌ನಂಥ, ಡೇಟಾ ಮತ್ತು ಕೋಡ್ ಇಡುವ ತಾಣದ ವಿಳಾಸ ಕೊಡಬಹುದು. ಡೇಟಾ ಇಳಿಸಿಕೊಂಡು ಪೇಪರ್‌ನ ಒಂದೇ ಒಂದು ಗ್ರಾಫ್ ಅನ್ನು ಪೈಥಾನ್ ಅಥವಾ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮತ್ತೆ ಬಿಡಿಸಿ. ಮೊದಲ ಸಲ ಅದು ಹೊಂದುವುದೇ ಇಲ್ಲ. ಕಾರಣಗಳು ಬಹುಮಟ್ಟಿಗೆ ಇವೇ: ಲೇಖಕರು ಕೆಲವು ಸಾಲುಗಳನ್ನು ತೆಗೆದುಹಾಕಿ ಅದನ್ನು ‘ವಿಧಾನ’ ಭಾಗದ ಒಂದು ವಾಕ್ಯದಲ್ಲಿ ಹೇಳಿರುತ್ತಾರೆ. ಅಕ್ಷ ಲಾಗ್ ಸ್ಕೇಲಿನಲ್ಲಿ (ಹೆಜ್ಜೆಹೆಜ್ಜೆಗೂ ಗುಣಿಸುತ್ತ ಹೋಗುವ ಅಳತೆಯಲ್ಲಿ) ಇರುತ್ತದೆ. ಎರರ್ ಬಾರ್ (ಬಿಂದುವಿನ ಮೇಲೆ ಕೆಳಗಿನ ಅನಿಶ್ಚಿತತೆಯ ಗೆರೆ) ಸ್ಟ್ಯಾಂಡರ್ಡ್ ಡೀವಿಯೇಶನ್ (ಅಳತೆಗಳು ಚದುರಿದ ಪ್ರಮಾಣ) ಎಂದು ನೀವು ತಿಳಿದಿರುತ್ತೀರಿ, ಅವರು ಹಾಕಿದ್ದು ಸ್ಟ್ಯಾಂಡರ್ಡ್ ಎರರ್ (ಸರಾಸರಿಯ ಅನಿಶ್ಚಿತತೆ). ಖಾಲಿ ಕಾಲಮ್ಮನ್ನು ಸಾಫ್ಟ್‌ವೇರ್ ಸೊನ್ನೆ ಎಂದು ಓದಿರುತ್ತದೆ. ಎಷ್ಟು ಹೊಂದಿತು, ಎಲ್ಲಿ ಹೊಂದಲಿಲ್ಲ, ಯಾಕಿರಬಹುದು ಎಂದು ಒಂದು ಪುಟದ ಟಿಪ್ಪಣಿ ಬರೆದು, ಕೋಡ್ ಜೊತೆ ಗಿಟ್‌ಹಬ್‌ನಲ್ಲಿ ಹಾಕಿ. ಒಂದೆರಡು ವಾರಾಂತ್ಯದ ಕೆಲಸ ಇದು. ಪೂರ್ತಿ ಹೊಂದದಿದ್ದರೂ ಪರವಾಗಿಲ್ಲ, ಹೊಂದದ ಜಾಗವನ್ನು ನೀವೇ ಕಂಡುಹಿಡಿದಿರಿ ಎನ್ನುವುದೇ ನಮಗೆ ಬೇಕಾದ ಸುದ್ದಿ. ದುಬಾರಿ ಫೀಸಿನ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ಇದರ ಹತ್ತಿರಕ್ಕೂ ಬರುವುದಿಲ್ಲ.

ಡೇಟಾ ಸಿಗದ ವಿಷಯಗಳಲ್ಲಿ ಇದಕ್ಕೆ ಸಮನಾದದ್ದು ಬೇರೆ ಇದೆ. ಸೂಕ್ಷ್ಮದರ್ಶಕದ ಚಿತ್ರಗಳ ಮೇಲೆ ಕೆಲಸ ಮಾಡುವ ಲ್ಯಾಬ್ ಆದರೆ ಇಮೇಜ್‌ಜೆ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಕೋಶಗಳನ್ನು ಎಣಿಸುವುದು ಕಲಿಯಿರಿ, ಒಂದೇ ಚಿತ್ರವನ್ನು ಕೈಯಿಂದಲೂ ಎಣಿಸಿ ವ್ಯತ್ಯಾಸ ಬರೆದಿಡಿ. ಖಗೋಳಶಾಸ್ತ್ರದ ಕಡೆ ಒಲವಿದ್ದರೆ 2007ರಲ್ಲಿ ಶುರುವಾದ ಗ್ಯಾಲಕ್ಸಿ ಝೂ ಎಂಬ, ಸಾರ್ವಜನಿಕರು ಗ್ಯಾಲಕ್ಸಿಗಳ ಚಿತ್ರ ನೋಡಿ ವರ್ಗೀಕರಿಸುವ ಯೋಜನೆಯ ವರ್ಗೀಕರಣದ ಡೇಟಾ ಎಲ್ಲರಿಗೂ ತೆರೆದಿದೆ. ಸಮಾಜ ವಿಜ್ಞಾನದವರು ಪ್ರಕಟವಾದ ಸಂದರ್ಶನಗಳ ಒಂದು ಗೊಂಚಲು ತೆಗೆದುಕೊಂಡು ಸ್ನೇಹಿತರೊಬ್ಬರ ಜೊತೆ ಬೇರೆ ಬೇರೆಯಾಗಿ ಕೋಡ್ ಮಾಡಿ (ಯಾವ ಮಾತು ಯಾವ ವಿಷಯಕ್ಕೆ ಸೇರಿದ್ದು ಎಂದು ಗುರುತು ಹಾಕಿ), ಎಲ್ಲಿ ಒಮ್ಮತ ಬರಲಿಲ್ಲ ಎಂದು ನೋಡಬಹುದು.

ಇನ್ನು ಮೇಲ್. ನೂರೈವತ್ತರಿಂದ ಇನ್ನೂರು ಪದ ಸಾಕು. ವಿಷಯದ ಸಾಲಿನಲ್ಲಿ ಯಾವ ವರ್ಷ, ಯಾವ ತಿಂಗಳು, ಯಾವ ಕೆಲಸ ಎಂದು ಇರಲಿ: ‘ಎರಡನೇ ವರ್ಷದ ವಿದ್ಯಾರ್ಥಿ, ಬೇಸಿಗೆಯ 10 ವಾರ, ಹಕ್ಕಿ ಧ್ವನಿ ವರ್ಗೀಕರಣ’. ಬರೀ ‘ಇಂಟರ್ನ್‌ಶಿಪ್ ಕೋರಿ’ ಎಂದರೆ ಅದು ನೂರು ಮೇಲ್‌ಗಳ ಹೆಸರು. ಒಳಗಿನ ಒಕ್ಕಣೆ ಹೀಗಿರಬಹುದು:

‘ಮಾನ್ಯರೇ, ನಾನು ಭೌತಶಾಸ್ತ್ರದ ಎರಡನೇ ವರ್ಷದ ವಿದ್ಯಾರ್ಥಿ. ಹಕ್ಕಿಗಳ ಧ್ವನಿ ವರ್ಗೀಕರಣದ ಬಗೆಗಿನ ನಿಮ್ಮ ಕಳೆದ ವರ್ಷದ ಪೇಪರ್ ಓದಿ, ಅದರ ಎರಡನೇ ಚಿತ್ರವನ್ನು ನಿಮ್ಮ ಡೇಟಾದಿಂದ ಮತ್ತೆ ಬಿಡಿಸಲು ಪ್ರಯತ್ನಿಸಿದೆ. ಮಳೆಯ ಸದ್ದಿರುವ ರೆಕಾರ್ಡಿಂಗ್‌ಗಳಲ್ಲಿ ನನ್ನ ಫಲಿತಾಂಶ ನಿಮ್ಮದಕ್ಕಿಂತ ಕಡಿಮೆ ಬಂತು. ಸದ್ದು ತೆಗೆಯುವ ಹಂತವನ್ನು ನಾನು ತಪ್ಪಾಗಿ ಮಾಡಿರಬಹುದು. ಟಿಪ್ಪಣಿಯ ಕೊಂಡಿ ಕೆಳಗಿದೆ. ಪೈಥಾನ್‌ನಲ್ಲಿ ಡೇಟಾ ಓದಿ ಗ್ರಾಫ್ ಬಿಡಿಸಬಲ್ಲೆ, ಮಶೀನ್ ಲರ್ನಿಂಗ್ ಇನ್ನೂ ಕಲಿಯುತ್ತಿದ್ದೇನೆ. ಬೇಸಿಗೆಯಲ್ಲಿ ಹತ್ತು ವಾರ ಪೂರ್ಣಾವಧಿ ಬಿಡುವಿದೆ, ಅದಕ್ಕೆ ಮೊದಲೇ ವಾರಕ್ಕೆ ಐದು ಗಂಟೆ ಶುರು ಮಾಡಬಲ್ಲೆ. ನಿಮ್ಮ ಲ್ಯಾಬ್‌ನಲ್ಲಿ ಅವಕಾಶ ಇದೆಯೇ ಎಂದು ತಿಳಿಯಲು 15 ನಿಮಿಷ ಮಾತಾಡಬಹುದೇ? ಒಂದು ಪುಟದ ಸಿವಿ ಮತ್ತು ಮಾರ್ಕ್ಸ್ ಕಾರ್ಡ್ ಲಗತ್ತಿಸಿದ್ದೇನೆ.’

ಇದರಲ್ಲಿ ಹೊಗಳಿಕೆ ಒಂದೂ ಇಲ್ಲ ಎಂಬುದನ್ನು ಗಮನಿಸಿ. ‘ನಿಮ್ಮ ಅದ್ಭುತ ಸಂಶೋಧನೆಯಿಂದ ಸ್ಫೂರ್ತಿಗೊಂಡು’ ಎನ್ನುವ ಸಾಲು ಕಂಡ ಕೂಡಲೇ ಕಣ್ಣು ಮುಂದಿನ ಮೇಲ್‌ಗೆ ಹೋಗುತ್ತದೆ. ಎಐ ಕೈಯಲ್ಲಿ ಬರೆಸಿದ ಮೇಲ್‌ಗಳು ಇನ್ನೊಂದು ಪೇಚು ತರುತ್ತವೆ, ಕೆಲವೊಮ್ಮೆ ಪ್ರೊಫೆಸರ್ ಬರೆದೇ ಇಲ್ಲದ ಪೇಪರ್ ಹೆಸರನ್ನು ಸಲೀಸಾಗಿ ಹೊಸೆದು ಕೊಡುತ್ತವೆ. ಉಲ್ಲೇಖಿಸಿದ ಪ್ರತಿ ಪೇಪರನ್ನೂ ನೀವೇ ತೆರೆದು ನೋಡಿರಬೇಕು. ವಾರಕ್ಕೆ ಮೂರು ನಾಲ್ಕರಂತೆ ಹದಿನೈದು ಇಪ್ಪತ್ತು ಜನಕ್ಕೆ ಬೇರೆ ಬೇರೆಯಾಗಿ ಬರೆಯಿರಿ. ಒಂದೇ ವಿಭಾಗದ ಐದು ಜನಕ್ಕೆ ಒಂದೇ ದಿನ ಕಳಿಸಬೇಡಿ, ಅವರು ಪರಸ್ಪರ ಮಾತಾಡುತ್ತಾರೆ. ಉತ್ತರ ಬಾರದಿದ್ದರೆ ಎಂಟು ಹತ್ತು ದಿನ ಬಿಟ್ಟು ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ, ಅದೂ ಒಂದೇ ಸಲ. ಅಲ್ಲಿಗೂ ಮೌನವಾದರೆ ಲ್ಯಾಬ್‌ನ ಪಿಎಚ್‌ಡಿ ವಿದ್ಯಾರ್ಥಿಯೊಬ್ಬರಿಗೆ ಬರೆಯುವುದರಲ್ಲಿ ತಪ್ಪಿಲ್ಲ. ಮೇಲೆ ಹೇಳಿದ 40 ಗಂಟೆ ಅವರದೇ ಅಲ್ಲವೇ, ಅವರು ಒಪ್ಪಿದರೆ ಪ್ರೊಫೆಸರ್ ಒಪ್ಪುವುದು ಸುಲಭ.

ಸಿವಿ ಒಂದೇ ಪುಟ, ಪಿಡಿಎಫ್, ಫೈಲಿನ ಹೆಸರಲ್ಲಿ ನಿಮ್ಮ ಹೆಸರು. ‘ಪೈಥಾನ್: ಪರಿಣತ’ ಎಂದು ಬರೆದವರಿಗೆ ಎರಡೇ ಪ್ರಶ್ನೆಯಲ್ಲಿ ಬಣ್ಣ ಬಯಲಾಗುತ್ತದೆ. ‘ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಟೇಬಲ್‌ಗಳನ್ನು ಜೋಡಿಸಿ ಗ್ರಾಫ್ ಬಿಡಿಸಬಲ್ಲೆ’ ಎಂದು ಬರೆದವರನ್ನು ನಂಬುತ್ತೇವೆ. ಕಾಲೇಜಿನ ಪ್ರಾಯೋಗಿಕ ತರಗತಿಯಲ್ಲಿ ನಿಮ್ಮ ಕೈಯಾರೆ ಮಾಡಿದ್ದನ್ನು ಬಿಡದೆ ಬರೆಯಿರಿ: ಟೈಟ್ರೇಶನ್, ಡಿಎನ್‌ಎ ಬೇರ್ಪಡಿಸಲು ಜೆಲ್ ಓಡಿಸಿದ್ದು, ಆಸಿಲೋಸ್ಕೋಪ್ ಬಳಸಿದ್ದು. ಅದನ್ನು ಅನುಭವ ಎಂದುಕೊಳ್ಳದೆ ಬಿಟ್ಟುಬಿಡುವವರೇ ಹೆಚ್ಚು.

ಶಿಫಾರಸು ಪತ್ರಕ್ಕೆ ಕನಿಷ್ಠ ನಾಲ್ಕು ವಾರ ಮೊದಲು ಕೇಳಿ. ಮುನ್ನೂರು ಜನರ ತರಗತಿಗೆ ಪಾಠ ಮಾಡಿದ ಹೆಸರಾಂತರಿಗಿಂತ, ಪ್ರಾಯೋಗಿಕ ತರಗತಿಯಲ್ಲಿ ನಿಮ್ಮ ಪಕ್ಕ ನಿಂತು ನೋಡಿದ ಅಧ್ಯಾಪಕರ ಪತ್ರಕ್ಕೆ ತೂಕ ಹೆಚ್ಚು. ಸಿವಿ, ಕೊನೆಯ ದಿನಾಂಕ, ಪತ್ರ ಸಲ್ಲಿಸುವ ಕೊಂಡಿ, ಅವರ ತರಗತಿಯಲ್ಲಿ ನೀವು ಮಾಡಿದ ಎರಡು ಮೂರು ಕೆಲಸದ ನೆನಪು, ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ಕೊಡಿ. ‘ನೀವು ಒಳ್ಳೆಯ ಪತ್ರ ಬರೆಯಬಲ್ಲಿರಾ?’ ಎಂದು ಕೇಳಲು ಸಂಕೋಚ ಬೇಡ. ಅರೆಮನಸ್ಸಿನ ಪತ್ರಕ್ಕಿಂತ ‘ಬೇರೆಯವರನ್ನು ಕೇಳಮ್ಮ’ ಎಂಬ ಮಾತೇ ಉಪಕಾರ.

ಮಾತುಕತೆಗೆ ಕರೆದರೆ 20 ರಿಂದ 30 ನಿಮಿಷದ್ದು. ಕೇಳುವುದು ಪಠ್ಯದ ವ್ಯಾಖ್ಯೆಗಳನ್ನಲ್ಲ, ನೀವು ಮಾಡಿದ ಒಂದು ಪ್ರಯೋಗದಲ್ಲಿ ಏನು ಕೆಟ್ಟಿತು, ಅದು ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು ಎಂಬಂಥವನ್ನು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ, ತಿಳಿಯಲು ಮೊದಲು ಎಲ್ಲಿ ನೋಡುವಿರಿ ಎಂದು ಸೇರಿಸಿ. ನೀವು ಕೇಳಬೇಕಾದವೂ ಇವೆ. ದಿನದಿನ ನನ್ನ ಕೆಲಸ ನೋಡುವವರು ಯಾರು, ಬೇಸಿಗೆಯಲ್ಲಿ ಅವರು ಊರಲ್ಲಿ ಇರುತ್ತಾರೆಯೇ? ಡೇಟಾ ಈಗಾಗಲೇ ಇದೆಯೇ, ಇನ್ನು ಸಂಗ್ರಹಿಸಬೇಕೇ? ಮೊದಲ ವಾರ ಏನು ಮಾಡುತ್ತೇನೆ? ಮುಖ್ಯ ಪ್ರಯೋಗ ನಡೆಯದಿದ್ದರೆ ಪರ್ಯಾಯ ಏನು? ಕೊನೆಯ ಪ್ರಶ್ನೆಗೆ ಉತ್ತರವೇ ಇಲ್ಲದ ಲ್ಯಾಬ್‌ನಲ್ಲಿ ಬೇಸಿಗೆ ಖಾಲಿ ಕಳೆಯುವ ಅಪಾಯ ಇದೆ. ಪೇಪರ್‌ನಲ್ಲಿ ಲೇಖಕರಾಗಿ ಹೆಸರು ಬರುವ ವಿಚಾರವನ್ನೂ ಮೊದಲೇ ವಿನಯದಿಂದ ಕೇಳಿಬಿಡಿ. ಎಂಟು ವಾರದ ಕೆಲಸಕ್ಕೆ ಅದು ಸಿಗುವುದು ಅಪರೂಪ, ಕೃತಜ್ಞತೆಯ ಸಾಲಿನಲ್ಲಿ ಬರಬಹುದು.

ಅವಕಾಶ ಸಿಕ್ಕರೆ ದಿನಾಂಕ, ವಾರದ ಗಂಟೆ, ಸ್ಟೈಪೆಂಡ್, ವಸತಿ, ವಿಮೆ, ಇವೆಲ್ಲ ಬರಹದಲ್ಲಿ ಬರಲಿ. ಬೇರೆ ದೇಶವಾದರೆ ವೀಸಾಕ್ಕೆ ತಿಂಗಳುಗಳು ಬೇಕು, ಆಹ್ವಾನ ಪತ್ರ ಯಾವಾಗ ಬರುತ್ತದೆ ಎಂದು ಮೊದಲ ದಿನವೇ ಕೇಳಿ. ಇನ್ನೊಂದು ಕಡೆಯ ಉತ್ತರಕ್ಕೆ ಕಾಯುತ್ತಿದ್ದರೆ ಅದನ್ನು ಮುಚ್ಚಿಡದೆ, ಇಂಥ ದಿನದವರೆಗೆ ಸಮಯ ಕೊಡಿ ಎನ್ನಿ. ಎರಡು ಕಡೆ ಒಪ್ಪಿಕೊಂಡು ಒಂದನ್ನು ಕೊನೆಗೆ ಕೈಬಿಟ್ಟರೆ, ಆ ಲ್ಯಾಬ್‌ನಲ್ಲಿ ನಿಮ್ಮ ಕಾಲೇಜಿನ ಮುಂದಿನವರಿಗೆ ಬಾಗಿಲು ಮುಚ್ಚುತ್ತದೆ. ಇನ್ನು, ‘ಇಷ್ಟು ಹಣ ಕಟ್ಟಿ, ಸಂಶೋಧನಾ ಇಂಟರ್ನ್‌ಶಿಪ್ ಮತ್ತು ಪೇಪರ್ ಪ್ರಕಟಣೆ ಖಾತ್ರಿ’ ಎನ್ನುವವರ ಹತ್ತಿರ ಸುಳಿಯಬೇಡಿ. ಫಲಿತಾಂಶ ಬರುವ ಮೊದಲೇ ಪ್ರಕಟಣೆಯ ಖಾತ್ರಿ ಕೊಡಬಲ್ಲವರು ಸಂಶೋಧನೆ ಮಾಡುತ್ತಿಲ್ಲ.

ಪ್ರೊಫೆಸರುಗಳೇ, ಇಷ್ಟು ಹೊತ್ತು ವಿದ್ಯಾರ್ಥಿಗಳಿಗೆ ಹೇಳಿದ್ದರಲ್ಲಿ ಅರ್ಧ ಶ್ರಮ ನಿಮ್ಮ ವೆಬ್‌ಸೈಟಿನ ನಾಲ್ಕು ಸಾಲಿನಿಂದ ಉಳಿಯುತ್ತಿತ್ತು. ಈ ಬೇಸಿಗೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರೋ ಇಲ್ಲವೋ, ಯಾವ ತಿಂಗಳಲ್ಲಿ ಬರೆಯಬೇಕು, ಕನಿಷ್ಠ ಏನು ಗೊತ್ತಿರಬೇಕು, ಹಣ ಇದೆಯೋ ಇಲ್ಲವೋ. ‘ಈ ವರ್ಷ ಇಲ್ಲ’ ಎಂದು ಬರೆದರೂ ಸಾಕು, ನಿಮ್ಮ ಇನ್‌ಬಾಕ್ಸೂ ಹಗುರಾಗುತ್ತದೆ. ಮೊದಲ, ಎರಡನೇ ವರ್ಷದವರಿಗೆ ತೆರೆದ ಜಾಗಕ್ಕೆ ‘ಹಿಂದಿನ ಸಂಶೋಧನಾ ಅನುಭವ’ ಎಂಬ ಕಾಲಂ ಇಡಬೇಡಿ. ಅದು ಅಳೆಯುವುದು ಯಾರ ಮನೆಯವರಿಗೆ ಯಾವ ಪ್ರೊಫೆಸರ್ ಪರಿಚಯ ಎಂಬುದನ್ನು. ಪರೀಕ್ಷಿಸಲೇಬೇಕಿದ್ದರೆ ಒಂದು ಗಂಟೆಯಲ್ಲಿ ಮುಗಿಯುವ ಕೆಲಸ ಕೊಡಿ, ಹತ್ತು ಗಂಟೆಯದಲ್ಲ. ಸಂಬಳವಿಲ್ಲದ ಪೂರ್ಣಾವಧಿ ಬೇಸಿಗೆ, ರಜೆಯಲ್ಲಿ ದುಡಿಯಲೇಬೇಕಾದ ವಿದ್ಯಾರ್ಥಿಯನ್ನು ಅರ್ಜಿಗೆ ಮುಂಚೆಯೇ ಹೊರಗಿಡುತ್ತದೆ. ಹಣ ಇಲ್ಲದಿದ್ದರೆ ಸೆಮಿಸ್ಟರ್ ನಡೆಯುವಾಗ ವಾರಕ್ಕೆ ಆರು ಗಂಟೆಯ ಕೆಲಸ ಕೊಡುವುದು ಹೆಚ್ಚು ನ್ಯಾಯ. ಎಲ್ಲಕ್ಕಿಂತ ಮುಖ್ಯವಾಗಿ, ಆ 40 ಗಂಟೆ ಕೊಡುವ ಪಿಎಚ್‌ಡಿ ವಿದ್ಯಾರ್ಥಿಯನ್ನು ಮೊದಲೇ ಕೇಳಿ, ಅವರ ಆ ತಿಂಗಳ ಗುರಿಯಿಂದ ಒಂದು ವಾರ ಕಳೆದು ಲೆಕ್ಕ ಹಾಕಿ. ಹೇಳದೆ ಕೇಳದೆ ಹೊರಿಸಿದ ವಿದ್ಯಾರ್ಥಿಯ ಬೇಸಿಗೆ ಹೆಚ್ಚಾಗಿ ಹಳೆಯ ಫೈಲುಗಳ ಹೆಸರು ಬದಲಿಸುವುದರಲ್ಲೇ ಮುಗಿಯುತ್ತದೆ.

ಈ ಸಲ ಎಲ್ಲಿಯೂ ಸಿಗದ ವಿದ್ಯಾರ್ಥಿಗಳು ತಮ್ಮ ಸ್ಪ್ರೆಡ್‌ಶೀಟ್ ಅಳಿಸಬೇಡಿ. ಇನ್ನೊಂದು ಪೇಪರ್‌ನ ಇನ್ನೊಂದು ಗ್ರಾಫ್ ಬಿಡಿಸಿ, ಹೊಸ ಸೆಮಿಸ್ಟರ್ ಶುರುವಾದ ಎರಡನೇ ವಾರ ನಿಮ್ಮ ಕಾಲೇಜಿನ ಅಧ್ಯಾಪಕರೊಬ್ಬರ ಬಳಿ ಆ ಟಿಪ್ಪಣಿ ಹಿಡಿದು ಹೋಗಿ. ಮೊದಲ ವಾರ ಅವರಿಗೆ ಪುರುಸೊತ್ತು ಇರುವುದಿಲ್ಲ.

ಇಂತಿ,
ಬೇಸಿಗೆ ವಿದ್ಯಾರ್ಥಿಗಳಿಗೆ ಲ್ಯಾಬ್‌ನಲ್ಲಿ ಕೆಲಸ ಕಲಿಸುವ ಕೆಲವರು